ಕಾಡಿಗೂ ಕಡಲಿಗೂ ಕರೆದೊಯ್ಯುವವರ ಕಸುಬು

ನಮ್ಮ ಮದರಾಸಿನ ಕಾಲೇಜುಗಳಲ್ಲಿ (1996ರಿಂದ ಚೆನ್ನೈ ಎಂದೇ ಹೆಸರು, ಆದರೂ ಇಲ್ಲಿನ ಕನ್ನಡ ಮನೆಗಳ ಹಿರಿಯರ ಬಾಯಲ್ಲಿ ಇನ್ನೂ ಮದರಾಸೇ) 'ಗೈಡ್' ಎಂದರೆ ಪರೀಕ್ಷೆಯ ಹಿಂದಿನ ರಾತ್ರಿ ಓದುವ ಪುಸ್ತಕ. ತಮಿಳು ಗೆಳೆಯರಿಗೆ ಕೋನಾರ್ ಗೈಡ್ ಎಷ್ಟು ಪವಿತ್ರವಾದದ್ದೆಂದು ಹಾಸ್ಟೆಲಿನಲ್ಲಿರುವವರಿಗೆ ಹೇಳಬೇಕಾಗಿಲ್ಲ. ನಾನು ಬರೆಯಹೊರಟಿರುವುದು ಇನ್ನೊಂದು ಬಗೆಯ ಗೈಡಿನ ವಿಷಯ. ಬೆಟ್ಟ ಹತ್ತಿಸುವವರು, ಸಮುದ್ರದ ತೆರೆಯ ಮೇಲೆ ಹಲಗೆ ಇಟ್ಟು ನಿಲ್ಲಲು ಕಲಿಸುವವರು, ರಾತ್ರಿ ಹೊತ್ತು ಮರಳಿನ ಮೇಲೆ ಆಮೆ ತೋರಿಸಲು ಕರೆದೊಯ್ಯುವವರು. ಇವರನ್ನೆಲ್ಲ ಒಟ್ಟಿಗೆ ಏನೆಂದು ಕರೆಯಬೇಕೋ ಕನ್ನಡದಲ್ಲಿ ಇನ್ನೂ ಗಟ್ಟಿಯಾಗಿಲ್ಲ. ಸದ್ಯಕ್ಕೆ 'ಮುಂದಾಳು' ಎಂದಿಟ್ಟುಕೊಳ್ಳೋಣ. ಆ ಹೆಸರಿನಲ್ಲೇ ಒಂದು ತಮಾಷೆ ಇದೆ, ಮುಂದೆ ಹೇಳುತ್ತೇನೆ.

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಇದೆಲ್ಲ ಯಾಕಪ್ಪಾ ಎಂದು ಸಂಪಾದಕರು ಕೇಳಿಯೇ ಕೇಳುತ್ತಾರೆ. ಕಾರಣ ಇಷ್ಟೆ: ಪ್ರತಿ ವರ್ಷ ನಮ್ಮಲ್ಲೇ ಯಾರಾದರೊಬ್ಬರು ಜೂನಿಯರುಗಳನ್ನು ಕಟ್ಟಿಕೊಂಡು ನಾಗಲಾಪುರಕ್ಕೋ ಯಳಗಿರಿಗೋ ಹೊರಟುಬಿಡುತ್ತಾರೆ. ಬಸ್ಸಿನ ಟಿಕೆಟ್ ಮಾಡಿಸಿದವನೇ ಮುಂದಾಳು. ಅವನಿಗೆ ದಾರಿ ಗೊತ್ತಿರಬೇಕೆಂದಿಲ್ಲ, ಈಜು ಬರಬೇಕೆಂದಿಲ್ಲ, ದುಡ್ಡು ಕೂಡಿಸಲು ಬಂದರೆ ಸಾಕು! ಇದೊಂದು ಕಸುಬು, ಇದಕ್ಕೂ ಕಲಿಕೆ ಇದೆ ಎಂಬುದು ನಮ್ಮ ತಲೆಗೆ ಹೊಳೆಯುವುದೇ ಇಲ್ಲ.

ಮೊದಲು, ಈ ಕಸುಬಿನವನು ದಿನವಿಡೀ ಮಾಡುವುದೇನು? ಎಲ್ಲರಿಗಿಂತ ಮುಂದೆ ದಾಪುಗಾಲು ಹಾಕುವುದು ಎಂದು ನೀವು ಅಂದುಕೊಂಡಿದ್ದರೆ ತಪ್ಪು. ಅವನು ಹೆಚ್ಚು ಹೊತ್ತು ಮಾಡುವ ಕೆಲಸ ತಲೆ ಎಣಿಸುವುದು. ಹೊರಡುವಾಗ ಎಣಿಸುತ್ತಾನೆ, ಹಳ್ಳ ದಾಟಿದ ಮೇಲೆ ಎಣಿಸುತ್ತಾನೆ, ದಾರಿ ಕವಲೊಡೆದಲ್ಲಿ ನಿಂತು ಎಣಿಸುತ್ತಾನೆ. ಒಬ್ಬನೇ ಇದ್ದರೆ ಎಷ್ಟೋ ಸಲ ಸಾಲಿನ ಕೊನೆಯಲ್ಲೇ ನಡೆಯುತ್ತಾನೆ, ಏಕೆಂದರೆ ಕಷ್ಟಕ್ಕೆ ಸಿಕ್ಕುವವರು ಇರುವುದು ಅಲ್ಲೇ. (ಹೆಸರಿನ ತಮಾಷೆ ಎಂದೆನಲ್ಲ, ಅದು ಇದೇ.) ಇಬ್ಬರಿದ್ದರೆ ಹೆಚ್ಚು ಅನುಭವಸ್ಥ ಹಿಂದೆ ಇರುವುದು ಅಪರೂಪವಲ್ಲ. ಕೊನೆಯವನ ಹಿಂದೆ ಯಾರೂ ಇರಕೂಡದು ಎಂಬುದು ಕಟ್ಟುನಿಟ್ಟು.

ನಡಿಗೆಯಲ್ಲಿ ಒಂದು ಅನ್ಯಾಯ ನಡೆಯುತ್ತದೆ, ಗಮನಿಸಿದ್ದೀರಾ? ಗಟ್ಟಿಗರು ಮೊದಲು ಹೋಗಿ ಮರದ ನೆರಳಲ್ಲಿ ಕೂರುತ್ತಾರೆ. ಹತ್ತು ನಿಮಿಷ ಸುಧಾರಿಸಿಕೊಳ್ಳುತ್ತಾರೆ. ಅಷ್ಟರಲ್ಲಿ ಏದುಸಿರು ಬಿಡುತ್ತ ಹಿಂದಿನವರು ಬಂದು ಸೇರುತ್ತಾರೆ. "ಬಂದ್ರಾ? ಸರಿ, ಏಳ್ರೋ ಹೋಗೋಣ" ಎಂದು ಗಟ್ಟಿಗರು ಎದ್ದೇಬಿಡುತ್ತಾರೆ. ಹೀಗಾಗಿ ವಿಶ್ರಾಂತಿ ನಿಜವಾಗಿ ಬೇಕಾದವನಿಗೆ ದಿನವಿಡೀ ವಿಶ್ರಾಂತಿಯೇ ಇಲ್ಲ. ಕಸುಬು ಬಲ್ಲವನು ಇದನ್ನು ತಿರುವುಮುರುವು ಮಾಡುತ್ತಾನೆ. ನಿಧಾನಿಯನ್ನು ಮುಂದಕ್ಕೆ ಕರೆದು ಅವನ ಹೆಜ್ಜೆಗೆ ಉಳಿದವರನ್ನು ಕಟ್ಟಿಹಾಕುತ್ತಾನೆ. ಇನ್ನು ನಮ್ಮ ಕಡೆಯ ಸೆಕೆ ಗೊತ್ತೇ ಇದೆ. ಬೆಳಗ್ಗಿನಿಂದ ವಟವಟ ಮಾತಾಡುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ಮೌನಿಯಾದರೆ ಮುಂದಾಳಿನ ಕಿವಿ ನೆಟ್ಟಗಾಗಬೇಕು. ಸೆಕೆ ತಲೆಗೇರುವ ಮೊದಲ ಗುರುತುಗಳಲ್ಲಿ ಅದೂ ಒಂದು. ಮಾತು ಅಸಂಬದ್ಧವಾಗಿ, ಮೈ ಬೆಂಕಿಯಂತೆ ಕಾದಿತೆಂದರೆ ಜೀವಕ್ಕೇ ಅಪಾಯ. ಮೈಗೆ ನೀರು ಸುರಿದು ಗಾಳಿ ಹಾಕುವುದು ಮೊದಲು, ವಾಹನ ಹುಡುಕುವುದು ಆಮೇಲೆ.

ಇದೆಲ್ಲ ಕಲಿತರೆ ಬರುವಂಥದ್ದು. ಕಲಿತರೂ ಕೈಕೊಡುವಂಥದ್ದು ಒಂದಿದೆ: ಹಿಂದಿರುಗೋಣ ಎಂದು ಹೇಳುವುದು.

ಬೆಟ್ಟದ ಕಸುಬಿನಲ್ಲಿ ಒಂದು ಹಳೆಯ ಕಟ್ಟಳೆ ಉಂಟು. ಇಂತಿಷ್ಟು ಗಂಟೆಯೊಳಗೆ ತುದಿ ಮುಟ್ಟದಿದ್ದರೆ, ತುದಿ ಕಣ್ಣೆದುರಿಗೇ ಇದ್ದರೂ ಸರಿ, ವಾಪಸು. ಆ ಗಂಟೆಯನ್ನು ಬೆಳಗ್ಗೆ ತಲೆ ತಣ್ಣಗಿರುವಾಗಲೇ ಗೊತ್ತು ಮಾಡಬೇಕು. ಮಧ್ಯಾಹ್ನ ಗೊತ್ತು ಮಾಡಹೊರಟರೆ "ಸಾರ್, ಇನ್ನರ್ಧ ಗಂಟೆ ಅಷ್ಟೇ ಸಾರ್" ಎಂಬ ರಾಗ ಶುರುವಾಗುತ್ತದೆ. ಈ ರಾಗಕ್ಕೆ ಎಂಥವರೂ ಸೋಲುತ್ತಾರೆ. ನ್ಯೂಜಿಲೆಂಡಿನ ರಾಬ್ ಹಾಲ್ ಎವರೆಸ್ಟಿನ ಗೈಡುಗಳಲ್ಲಿ ಬಹು ಜಾಗರೂಕ ಎಂದು ಹೆಸರಾದವನು. 1995ರಲ್ಲಿ ತನ್ನ ತಂಡದ ಡಗ್ ಹ್ಯಾನ್ಸನ್ ಎಂಬಾತನನ್ನು ಶಿಖರ ಕಣ್ಣಳತೆಯಲ್ಲಿದ್ದಾಗ ವಾಪಸು ಕರೆತಂದಿದ್ದ. ಆತ ಅಂಚೆ ಇಲಾಖೆಯ ನೌಕರ, ಉಳಿಸಿದ ಹಣದಲ್ಲಿ ಬಂದವನು. 1996ರಲ್ಲಿ ಅವನೇ ಮತ್ತೆ ಬಂದ. ಮೇ 10ರಂದು ಮಧ್ಯಾಹ್ನ 2ರೊಳಗೆ ತಿರುಗಬೇಕೆಂಬ ಮಾತಿತ್ತು. ಹ್ಯಾನ್ಸನ್ ತುದಿ ಮುಟ್ಟುವಾಗ 4 ದಾಟಿತ್ತು, ಹಾಲ್ ಅಲ್ಲಿ ಕಾದು ನಿಂತಿದ್ದ. ಸಂಜೆ ಬಿರುಗಾಳಿ ಎದ್ದಿತು. ಇಬ್ಬರೂ ಇಳಿಯಲಿಲ್ಲ. ಆ ಬಿರುಗಾಳಿಯಲ್ಲಿ ಎವರೆಸ್ಟಿನ ಮೇಲೆ ಸತ್ತವರು ಒಟ್ಟು 8 ಮಂದಿ, ಅವರಲ್ಲಿ ಮೂವರು ಉತ್ತರದ ಕಡೆಯಿಂದ ಹತ್ತಿದ್ದ ನಮ್ಮ ದೇಶದವರು. ಒಬ್ಬನಿಗೆ ಒಂದು ಸಲ ಇಲ್ಲ ಎಂದ ಮೇಲೆ ಅವನಿಗೇ ಎರಡನೆಯ ಸಲ ಇಲ್ಲ ಎನ್ನುವುದು ಎಷ್ಟು ಕಷ್ಟ, ಯೋಚಿಸಿ ನೋಡಿ.

ಎವರೆಸ್ಟು ದೂರದ ಮಾತಾಯಿತು. ನಮ್ಮ ಊರಿಗೆ ಅಂಟಿದ ಗಾಯ ಕುರಂಗಣಿಯದು. ತೇನಿ ಜಿಲ್ಲೆಯ ಬೋಡಿನಾಯಕನೂರಿನ ಹತ್ತಿರದ ಬೆಟ್ಟಸಾಲು ಅದು. ಮೇಲೆ ಕೊಳುಕ್ಕುಮಲೈ ಚಹಾ ತೋಟ. 2018ರ ಮಾರ್ಚಿಯಲ್ಲಿ ಚೆನ್ನೈನಿಂದ ಒಂದು ತಂಡ, ಈರೋಡು ತಿರುಪ್ಪೂರು ಕಡೆಯಿಂದ ಇನ್ನೊಂದು ತಂಡ ಅಲ್ಲಿಗೆ ಹೋಗಿದ್ದವು. ಚೆನ್ನೈ ತಂಡದಲ್ಲಿ ಹೆಂಗಸರೇ ಹೆಚ್ಚು. 11ನೇ ತಾರೀಕು ಭಾನುವಾರ ಇಳಿಯುವಾಗ ಒಣಹುಲ್ಲಿಗೆ ಹತ್ತಿದ ಬೆಂಕಿ ಅವರನ್ನು ಸುತ್ತುವರಿಯಿತು. ಮೊದಲು ಓಡಿ ಬಂದವರು ಸುತ್ತಲ ಹಳ್ಳಿಯವರು. ಆಮೇಲೆ ವಾಯುಪಡೆಯ ಹೆಲಿಕಾಪ್ಟರುಗಳು ಬಂದವು. ಆಸ್ಪತ್ರೆಗಳಲ್ಲಿ ತೀರಿಕೊಂಡವರೂ ಸೇರಿ ಸತ್ತವರ ಲೆಕ್ಕ 23ಕ್ಕೆ ಮುಟ್ಟಿತು. ಕರೆದೊಯ್ದವರೂ ಆ ಲೆಕ್ಕದಲ್ಲಿ ಸೇರಿದ್ದರು.

ಯಾರ ತಪ್ಪು ಎಂಬ ವಿಚಾರಣೆಯನ್ನು ಇಲ್ಲಿ ಎತ್ತುವುದಿಲ್ಲ. ಬೆಂಕಿಯ ನಡತೆಯನ್ನಷ್ಟೇ ತಿಳಿದುಕೊಳ್ಳೋಣ. ಆ ಬೆಟ್ಟಗಳಿಗೆ ಹಿಂಗಾರಿನಲ್ಲಿ ಮಳೆ ಸುರಿಯುತ್ತದೆ, ಹುಲ್ಲು ಆಳೆತ್ತರ ಬೆಳೆಯುತ್ತದೆ, ಜನವರಿ ಕಳೆದ ಮೇಲೆ ಅದೇ ಹುಲ್ಲು ಕಾಗದದಂತೆ ಒಣಗಿ ನಿಲ್ಲುತ್ತದೆ. ಬಯಲಿನ ಬೆಂಕಿಗಿಂತ ಇಳಿಜಾರಿನ ಬೆಂಕಿ ಬೇರೆ ಜಾತಿಯದು. ಅದರ ನಾಲಗೆ ಮೇಲಿನ ಹುಲ್ಲನ್ನು ಮುಟ್ಟುವ ಮೊದಲೇ ಕಾವು ಅದನ್ನು ಸಿದ್ಧಮಾಡಿ ಇಟ್ಟಿರುತ್ತದೆ. ಹಗಲು ಬಿಸಿಲಿಗೆ ಕಾದ ಗಾಳಿಯೂ ಕಣಿವೆಯಿಂದ ಮೇಲಕ್ಕೇ ಬೀಸುತ್ತದೆ. ಎರಡೂ ಸೇರಿದರೆ ಬೆಟ್ಟ ಹತ್ತುವ ಬೆಂಕಿಯನ್ನು ಓಡಿ ಸೋಲಿಸುವುದು ಮನುಷ್ಯನಿಂದಾಗದು. ಹೆದರಿದವನ ಕಾಲು ಮಾತ್ರ ಮೇಲಕ್ಕೇ ಎಳೆಯುತ್ತದೆ! ಬದುಕುವ ದಾರಿ ಪಕ್ಕಕ್ಕೆ: ಬರೀ ಬಂಡೆ ಇರುವ ಕಡೆಗೆ, ಇಲ್ಲವೇ ಆಗಲೇ ಸುಟ್ಟು ಕಪ್ಪಾದ ನೆಲದ ಕಡೆಗೆ. ಆ ಊರಿನ ದನಗಾಹಿ ಹುಡುಗನಿಗೆ ಇದು ಗೊತ್ತಿರುತ್ತದೆ. ಯಾವ ತಿಂಗಳಲ್ಲಿ ಯಾವ ಹುಲ್ಲಿನೊಳಗೆ ಹೋಗಬಾರದು ಎಂಬುದೂ ಗೊತ್ತಿರುತ್ತದೆ. ಇನ್ನೂರು ಮುನ್ನೂರು ಮೈಲಿ ದೂರದಲ್ಲಿ ಕೂತು ಶನಿವಾರ ಭಾನುವಾರದ ರಜಾ ಲೆಕ್ಕ ಹಾಕುವ ನಮಗೆ ಗೊತ್ತಿರುವುದಿಲ್ಲ.

ಕುರಂಗಣಿಯ ನಂತರ ಅದೇ ವರ್ಷ ತಮಿಳುನಾಡು ಸರ್ಕಾರ ಚಾರಣಕ್ಕೆ ಕಟ್ಟಳೆಗಳನ್ನು ತಂದಿತು. 2024ರ ಅಕ್ಟೋಬರಿನಲ್ಲಿ 'ಟ್ರೆಕ್ ತಮಿಳುನಾಡು' ಎಂಬ ಯೋಜನೆ ಶುರುವಾಗಿ 40 ದಾರಿಗಳು ತೆರೆದವು. ಅದರಲ್ಲಿ ನನಗೆ ಹಿಡಿಸಿದ ಸಂಗತಿ, ಗೈಡುಗಳಾಗಿ ತರಬೇತಿ ಕೊಟ್ಟದ್ದು ಆಯಾ ಕಾಡಿನ ಅಂಚಿನ ಊರುಗಳ, ಬುಡಕಟ್ಟುಗಳ ಯುವಕ ಯುವತಿಯರಿಗೆ. ಬೆಂಕಿಯ ಕಾಲದಲ್ಲಿ ದಾರಿಗಳನ್ನು ಮುಚ್ಚುವುದನ್ನೂ ಅದು 2025ರಲ್ಲಿ ಮಾಡಿತು. ಮುಚ್ಚುವ ಅಧಿಕಾರ ಕಾಗದದ ಮೇಲೆ ಇದ್ದಾಗ, ಕೂಲಿಗೆ ಬಂದ ಬಡಪಾಯಿ ಗೈಡು ಹಣ ಕೊಟ್ಟ ಪಟ್ಟಣಿಗರ ಮುಂದೆ ನಿಂತು "ಬೇಡ ಸಾರ್" ಎಂದು ಗೋಗರೆಯಬೇಕಾಗಿಲ್ಲ. ನಮ್ಮ ಕರ್ನಾಟಕಕ್ಕೂ ಬುದ್ಧಿ ಬಂದದ್ದು ಜನ ಮುಗಿಬಿದ್ದ ಮೇಲೆಯೇ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಗಣರಾಜ್ಯೋತ್ಸವದ ರಜೆಗೆ ಸಾವಿರಗಟ್ಟಲೆ ಜನ ನುಗ್ಗಿ, ಜಾತ್ರೆಯ ಸಾಲಿನಂತೆ ನಿಂತ ಚಿತ್ರಗಳು ಎಲ್ಲೆಡೆ ಹರಡಿದವು. ಆಮೇಲೆ ಮುಂಗಡ ನೋಂದಣಿ, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಎಲ್ಲ ಬಂತು.

ಗುಂಪಿನ ಅಳತೆ ಎಂದಾಗ ಅಡ್ಯಾರಿನ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಬೇಡನ್ ಪೊವೆಲರ ಸ್ಕೌಟ್ ಚಳವಳಿ ಇಲ್ಲಿಗೆ ಬಂದಾಗ ಅದರಲ್ಲಿ ಭಾರತೀಯ ಹುಡುಗರಿಗೆ ಪ್ರವೇಶವಿರಲಿಲ್ಲ. ಸರಿ, ನಮ್ಮದೇ ಮಾಡೋಣ ಎಂದು ಆನಿ ಬೆಸೆಂಟ್ 1916ರಲ್ಲಿ ಮದರಾಸಿನಲ್ಲೇ ಭಾರತೀಯ ಸ್ಕೌಟ್ ಸಂಘವನ್ನು ಹುಟ್ಟುಹಾಕಿದರು. ಸ್ಕೌಟ್ ಪದ್ಧತಿಯಲ್ಲಿ ಆರೆಂಟು ಹುಡುಗರಿಗೆ ಒಬ್ಬ ನಾಯಕ. ಅದೇನು ಶಾಸ್ತ್ರವಲ್ಲ, ಒಬ್ಬ ಮನುಷ್ಯನ ಕಣ್ಣು ಒಂದೇ ಸಲಕ್ಕೆ ಕಾಯಬಲ್ಲ ತಲೆಗಳ ಲೆಕ್ಕ. ನೂರು ವರ್ಷ ಕಳೆದರೂ ಮನುಷ್ಯನ ಕಣ್ಣೇನೂ ಹೆಚ್ಚು ದೊಡ್ಡದಾಗಿಲ್ಲ. ನಮ್ಮ ಪ್ರವಾಸಗಳಲ್ಲಿ ಐವತ್ತು ಜನಕ್ಕೆ ಒಬ್ಬ ಮುಂದಾಳು, ಅವನೂ ಫೋಟೋ ತೆಗೆಯುವುದರಲ್ಲಿ ಮಗ್ನ.

ಸಮುದ್ರದ ಮಾತಿಗೆ ಬರೋಣ. ಚೆನ್ನೈಗೆ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರಿನಲ್ಲಿ ಕೋವಳಂ ಇದೆ (ಕೇರಳದ್ದಲ್ಲ, ಇಲ್ಲಿಯದು). ಅಲ್ಲಿನ ಮೀನುಗಾರ ಮೂರ್ತಿ ಮೇಘವನ್ ಮರದ ಹಲಗೆಯ ಮೇಲೆ ತೆರೆಯಾಡಿ ಬೆಳೆದವರು. 2012ರಲ್ಲಿ ಅಲ್ಲಿ ಸರ್ಫಿಂಗ್ ಶಾಲೆ ಶುರುವಾಯಿತು. ಊರಿನ ಮಕ್ಕಳಿಗೆ ಬಿಟ್ಟಿ ಕಲಿಕೆ. ಕುಡಿತ, ಬೀಡಿ ಸಿಗರೇಟು ಇರಕೂಡದೆಂಬ ಷರತ್ತು ಮಾತ್ರ. ಆ ಮಕ್ಕಳೇ ದೊಡ್ಡವರಾಗಿ ಈಗ ಪಟ್ಟಣದಿಂದ ಬರುವವರಿಗೆ ಮೇಷ್ಟ್ರುಗಳು. ನಮ್ಮ ಮೂಲ್ಕಿಯಲ್ಲಿ ಇದಕ್ಕೂ ಮೊದಲೇ, 2004ರಲ್ಲಿ, ಮಂತ್ರ ಸರ್ಫ್ ಕ್ಲಬ್ ಹುಟ್ಟಿತ್ತು. ದೇಶದಲ್ಲೇ ಮೊದಲನೆಯದೆಂದು ಅದಕ್ಕೆ ಹೆಸರು. ಬೆಸ್ತರ ಮಕ್ಕಳಿಗೆ ತೆರೆ ಓದುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ದಡಕ್ಕೆ ಬಂದು ಬಿದ್ದ ನೀರು ಒಂದು ಕಿರಿದಾದ ಜಾಗ ಹಿಡಿದು ರಭಸವಾಗಿ ವಾಪಸು ಓಡುತ್ತದೆ. ತಮಾಷೆಯೆಂದರೆ ಆ ಜಾಗದಲ್ಲಿ ತೆರೆ ಒಡೆಯುವುದಿಲ್ಲ, ನೀರು ಶಾಂತವಾಗಿ ಕಾಣುತ್ತದೆ, ಹೊಸಬರು ಅಲ್ಲಿಗೇ ಇಳಿಯುತ್ತಾರೆ. ಸಿಕ್ಕಿಕೊಂಡವನು ದಡದತ್ತ ನೇರವಾಗಿ ಈಜಿದರೆ ಸೋತು ಮುಳುಗುತ್ತಾನೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬಿದ್ದರೆ ತೆರೆಗಳೇ ಅವನನ್ನು ವಾಪಸು ತರುತ್ತವೆ. ಕಾಡಿನ ಬೆಂಕಿಯಲ್ಲೂ ಪಕ್ಕಕ್ಕೆ, ಇಲ್ಲಿಯೂ ಪಕ್ಕಕ್ಕೆ. ನೀರಿನ ವಿಷಯದಲ್ಲಿ ಸ್ಥಳ ಬಲ್ಲವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2014ರ ಜೂನ್ 8 ಸಾಕ್ಷಿ. ಹಿಮಾಚಲದ ಬಿಯಾಸ್ ನದಿಗೆ ಇಳಿದಿದ್ದ ಹೈದರಾಬಾದಿನ 24 ವಿದ್ಯಾರ್ಥಿಗಳು, ಮೇಲಿನ ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿನಲ್ಲಿ ಕೊಚ್ಚಿಹೋದರು. ನಮ್ಮಂಥವರೇ, ನಮ್ಮ ವಯಸ್ಸಿನವರೇ.

ಇಷ್ಟೆಲ್ಲ ಓದಿದ ಮೇಲೂ ಈ ಕಸುಬಿಗೆ ಇಳಿಯುತ್ತೇನೆ ಎನ್ನುವವರಿಗೆ ಒಂದೆರಡು ಮಾತು. ಬೆಟ್ಟದ ವಿದ್ಯೆಗೆ ಎರಡು ದೊಡ್ಡ ಮಠಗಳು: 1954ರಲ್ಲಿ ತೆರೆದ ಡಾರ್ಜಿಲಿಂಗಿನ ಹಿಮಾಲಯನ್ ಮೌಂಟೇನಿಯರಿಂಗ್ ಇನ್‌ಸ್ಟಿಟ್ಯೂಟ್ (ತೇನ್‌ಸಿಂಗ್ ನೋರ್ಗೆ ಅಲ್ಲಿ ಕಲಿಸುತ್ತಿದ್ದರು), 1965ರಲ್ಲಿ ತೆರೆದ ಉತ್ತರಕಾಶಿಯ ನೆಹರೂ ಇನ್‌ಸ್ಟಿಟ್ಯೂಟ್. ಮೊದಲ ಕೋರ್ಸಿನಲ್ಲಿ 'ಎ' ದರ್ಜೆ ಸಿಕ್ಕರೆ ಮುಂದಿನದು, ಅದರ ಮೇಲೆ ಕಲಿಸುವುದನ್ನು ಕಲಿಸುವ ಕೋರ್ಸು. ಬೆಂಗಳೂರಿನಲ್ಲಿ ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿ ಇದೆ. ಪ್ರಥಮ ಚಿಕಿತ್ಸೆಯ ತರಬೇತಿ ಎಲ್ಲರಿಗೂ ಬೇಕು. ಸಂಪಾದನೆಯ ಕನಸನ್ನು ಮಾತ್ರ ಹೆಚ್ಚು ಕಟ್ಟಬೇಡಿ. ಇಲ್ಲಿನ ಬೆಟ್ಟಗಳಲ್ಲಿ ಕೆಲಸ ವಾರದ ಕೊನೆಗೆ, ಅದೂ ವರ್ಷದಲ್ಲಿ ಕೆಲವೇ ತಿಂಗಳು. ಬೆಂಕಿ ಕಾಲಕ್ಕೆ ರಜಾ, ಚಂಡಮಾರುತಕ್ಕೆ ರಜಾ, ಮಂಡಿ ಸವೆದ ಮೇಲೆ ಕಾಯಂ ರಜಾ. ಎಷ್ಟೋ ಮಂದಿ ಇನ್ನೊಂದು ಉದ್ಯೋಗ ಇಟ್ಟುಕೊಂಡೇ ಇದನ್ನು ಮಾಡುತ್ತಾರೆ.

ದುಡ್ಡಿಲ್ಲದೆ ಕೈ ಪಳಗಿಸಿಕೊಳ್ಳಲು ನಮ್ಮ ಊರಿನಲ್ಲೇ ಒಂದು ಶಾಲೆ ಇದೆ, ನಮ್ಮವರಿಗೆ ಅದು ಹೆಚ್ಚು ಗೊತ್ತಿಲ್ಲ. 1988ರಿಂದ ಇಲ್ಲಿನ ವಿದ್ಯಾರ್ಥಿಗಳು ಕಡಲಾಮೆ ಸಂರಕ್ಷಣೆಯ ಬಳಗವೊಂದನ್ನು ನಡೆಸುತ್ತ ಬಂದಿದ್ದಾರೆ. ವರ್ಷದ ಮೊದಲ ತಿಂಗಳುಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ದಡಕ್ಕೆ ಬರುತ್ತವೆ. ಇವರು ರಾತ್ರಿಯೆಲ್ಲ ನೀಲಾಂಕರೆಯಿಂದ ಬೆಸೆಂಟ್ ನಗರದ ಕಡೆಗೆ ಮರಳಿನಲ್ಲಿ ನಡೆದು, ಗೂಡು ಹುಡುಕಿ, ನೂರರ ಆಸುಪಾಸಿನ ಮೊಟ್ಟೆಗಳನ್ನು ಬೇಲಿ ಹಾಕಿದ ಜಾಗಕ್ಕೆ ಸಾಗಿಸುತ್ತಾರೆ. ವಾರದ ಕೊನೆಗೆ ಸಾರ್ವಜನಿಕರೂ ಜೊತೆಗೆ ಹೋಗಬಹುದು. ಅಲ್ಲಿನ ಮುಂದಾಳಿನ ಕೆಲಸ ನೋಡಬೇಕು. ಟಾರ್ಚ್ ಹೊತ್ತಿಸುವಂತಿಲ್ಲ, ಗಲಾಟೆ ಮಾಡುವಂತಿಲ್ಲ, ಕತ್ತಲಲ್ಲೇ ತಲೆ ಎಣಿಸಬೇಕು, ನಿದ್ದೆಗಣ್ಣಿನ ಮಕ್ಕಳನ್ನು ನೀರಿನಿಂದ ದೂರ ಇಡಬೇಕು. ಟ್ರ್ಯಾಕ್ಟರಿನ ಗಾಲಿಯಂಥ ಗುರುತು ಮರಳಿನಲ್ಲಿ ಕಂಡ ಕೂಡಲೇ ಎಲ್ಲರನ್ನೂ ನಿಲ್ಲಿಸಬೇಕು. ಎಷ್ಟೋ ರಾತ್ರಿ ಒಂದು ಆಮೆಯೂ ಬರುವುದಿಲ್ಲ, ಅಥವಾ ಬಲೆಗೆ ಸಿಕ್ಕಿ ಸತ್ತದ್ದು ಮಾತ್ರ ಕಾಣುತ್ತದೆ. 2025ರ ಜನವರಿಯಲ್ಲಿ ಚೆನ್ನೈ ಸುತ್ತಿನ ದಡಗಳಲ್ಲಿ ಸತ್ತ ಆಮೆಗಳು ನೂರುಗಟ್ಟಲೆ ಬಂದು ಬಿದ್ದಿದ್ದವು. ಆಮೆ ನೋಡಲೆಂದೇ ನಿದ್ದೆಗೆಟ್ಟು ಬಂದವರಿಗೆ ಬೆಳಗಿನ ಜಾವ ಬೆಸೆಂಟ್ ನಗರದ ದೀಪಗಳ ಹತ್ತಿರ ನಿಂತು "ಇವತ್ತು ಇಷ್ಟೇ, ಮನೆಗೆ ಹೋಗೋಣ" ಎಂದು ಹೇಳುವವರು ಇಪ್ಪತ್ತು ವರ್ಷದ ಹುಡುಗ ಹುಡುಗಿಯರು.