ರಕ್ತ ಹೆಪ್ಪುಗಟ್ಟಿದಾಗ: ಔಷಧಿ, ಸಂದೇಹ ಮತ್ತು ಜೀವದ ಅಮಾನತ್ತು

(ಅರೇಹಳ್ಳಿಯ ಜುಮಾ ಪ್ರವಚನದ ಸಾರಾಂಶ)



ಕಳೆದ ಜುಮಾ ನಮಾಝ್ ಮುಗಿದ ಮೇಲೆ ಸಹೋದರರೊಬ್ಬರು ನಮ್ಮನ್ನು ಬದಿಗೆ ಕರೆದರು. ಅವರ ಮಗಳು ಬಾಣಂತಿ. ಒಂದು ಕಾಲು ಬಾತು, ಮೀನಖಂಡ ನೋಯುತ್ತಿತ್ತು. ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ವೈದ್ಯರು ಹೊಟ್ಟೆಯ ಚರ್ಮದಡಿ ಚುಚ್ಚುವ ಇಂಜೆಕ್ಷನ್ ಬರೆದಿದ್ದರು. ‘ಅದನ್ನು ಹಂದಿಯಿಂದ ಮಾಡುತ್ತಾರೆ’ ಎಂದು ಸಂಬಂಧಿಕರೊಬ್ಬರು ಫೋನಿನಲ್ಲಿ ಹೇಳಿದ್ದರಿಂದ ಮನೆಯವರು ಹಿಂದಿನ ರಾತ್ರಿಯ ಇಂಜೆಕ್ಷನ್ ಬಿಟ್ಟಿದ್ದರು.

ಸಂಬಂಧಿಕರ ಮಾತು ಸುಳ್ಳಲ್ಲ. ಹೆಪಾರಿನ್ ಹೆಚ್ಚಾಗಿ ಹಂದಿಯ ಕರುಳಿನ ಒಳಪೊರೆಯಿಂದ ದೊರೆಯುತ್ತದೆ; ಎನಾಕ್ಸಪರಿನ್ ತಯಾರಾಗುವುದೂ ಅದರಿಂದಲೇ. ಆದರೆ ಇಂಜೆಕ್ಷನ್ ಬಿಟ್ಟದ್ದು ದೊಡ್ಡ ತಪ್ಪು. ಹೆಪ್ಪುಗಟ್ಟಿದ ರಕ್ತ ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣವೇ ಹೋಗಬಹುದು. ಈ ಔಷಧಿ ಹೆಪ್ಪನ್ನು ಕರಗಿಸುವುದಿಲ್ಲ. ಬೆಳೆಯದಂತೆ ತಡೆಯುತ್ತದೆ, ಅಷ್ಟರಲ್ಲಿ ದೇಹವೇ ಅದನ್ನು ನಿಧಾನವಾಗಿ ಕರಗಿಸುತ್ತದೆ.

ಬೇರೆ ಔಷಧಿ ಇದೆಯೇ ಎಂದು ವೈದ್ಯರನ್ನು ಕೇಳುವುದು ನಮ್ಮ ಹಕ್ಕು. ಫಾಂಡಾಪರಿನಕ್ಸ್ ಇಂಜೆಕ್ಷನ್, ರಿವರಾಕ್ಸಬಾನ್, ಅಪಿಕ್ಸಬಾನ್, ವಾರ್ಫರಿನ್ ಮಾತ್ರೆಗಳ ಔಷಧಾಂಶ ರಾಸಾಯನಿಕವಾಗಿ ತಯಾರಾಗುತ್ತದೆ. ಆದರೆ ಎಲ್ಲವೂ ಎಲ್ಲರಿಗೂ ಹೊಂದುವುದಿಲ್ಲ. ವಾರ್ಫರಿನ್ ಗರ್ಭದ ಶಿಶುವಿಗೆ ಹಾನಿಕರ. ಹೆಪಾರಿನ್ ಶಿಶುವನ್ನು ತಲುಪುವುದಿಲ್ಲ. ಹಾಲೂಡಿಸುವ ತಾಯಿಗೆ ವಾರ್ಫರಿನ್ ಕೊಡಬಹುದಾದರೂ ಅದು ಪೂರ್ಣ ಪರಿಣಾಮ ಬೀರಲು ಸುಮಾರು 5 ದಿನ ಬೇಕು. ಅಲ್ಲಿಯವರೆಗೆ ಇಂಜೆಕ್ಷನ್ನೇ ಆಸರೆ.

ತಕ್ಕ ಪರ್ಯಾಯವಿದ್ದರೆ ಅದನ್ನೇ ಆರಿಸೋಣ. ಇಲ್ಲದಿದ್ದರೆ, ಅನಿವಾರ್ಯತೆಗೆ ಸಿಲುಕಿದವರಿಗೆ ಪವಿತ್ರ ಕುರ್‌ಆನ್‌ನ ಅಲ್ ಬಕರಃ ಅಧ್ಯಾಯದ 173ನೇ ಸೂಕ್ತದಲ್ಲಿ ವಿನಾಯಿತಿ ಇದೆ. ಜೀವರಕ್ಷಣೆ ಶರೀಅತ್‌ನ ಮೂಲ ಉದ್ದೇಶಗಳಲ್ಲೊಂದು. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ನಿರಾಕರಿಸಿ ಜೀವಕ್ಕೆ ಅಪಾಯ ತಂದುಕೊಳ್ಳುವುದು ತಕ್ವಾ ಅಲ್ಲ.

ಕೆಲವು ಎಚ್ಚರಿಕೆಗಳು: ಚಿಕಿತ್ಸೆ ಸಾಮಾನ್ಯವಾಗಿ ಕನಿಷ್ಠ 3 ತಿಂಗಳು. ಬಾವು ಇಳಿಯಿತೆಂದು ಔಷಧಿ ನಿಲ್ಲಿಸಬೇಡಿ. ವಾರ್ಫರಿನ್ ಸೇವಿಸುವವರು ಐಎನ್ಆರ್ ರಕ್ತಪರೀಕ್ಷೆ ತಪ್ಪಿಸಬಾರದು. ಅದು ಸಾಮಾನ್ಯವಾಗಿ 2ರಿಂದ 3ರೊಳಗಿರಬೇಕು. ಸೊಪ್ಪು ತಿನ್ನಬಹುದು, ಆದರೆ ಪ್ರಮಾಣ ಒಮ್ಮೆಲೇ ಹೆಚ್ಚು ಕಡಿಮೆ ಆಗಬಾರದು. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಾವೇ ತಂದು ನುಂಗಬೇಡಿ, ರಕ್ತಸ್ರಾವವಾದೀತು. ಮಲ ಕಪ್ಪಾದರೆ, ಮೂತ್ರ ಕೆಂಪಾದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ರಂಝಾನ್ ಬರುವ ಮೊದಲೇ ಮಾತ್ರೆಯ ಸಮಯವನ್ನು ವೈದ್ಯರಲ್ಲಿ ಕೇಳಿಕೊಳ್ಳಿ.

ಆ ಸಹೋದರರು ನಮ್ಮೆದುರಲ್ಲೇ ವೈದ್ಯರಿಗೆ ಫೋನ್ ಮಾಡಿದರು. ಅಂದು ಅಸರ್‌ಗೆ ಮೊದಲೇ ಇಂಜೆಕ್ಷನ್ ಮತ್ತೆ ಶುರುವಾಯಿತು. ಸಂದೇಹ ಬಂದರೆ ಮೊದಲು ಕೇಳಿ, ಔಷಧಿ ಬಿಟ್ಟ ಮೇಲೆ ಅಲ್ಲ. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ನೀಡಲಿ, ಆಮೀನ್.