ಬಿಸಿಲು ಹೊತ್ತು ತರುವ ನೀರು

ರಾಯಚೂರು ಸೀಮೆಯ ಬಿಸಿಲನ್ನು ನಾಡಿನವರಿಗೆ ಹೊಸದಾಗಿ ವರ್ಣಿಸಬೇಕಾಗಿಲ್ಲ. ನಗರದಿಂದ ಪಶ್ಚಿಮಕ್ಕೆ ಹೊರಟರೆ, ಲಿಂಗಸುಗೂರಿನ ದಾರಿಯೂ ಸಿಂಧನೂರಿನ ದಾರಿಯೂ ಕವಲೊಡೆಯುವಲ್ಲಿ ಕಲ್ಮಲ ಗ್ರಾಮವಿದೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಆದರೂ ನಡುವಣ ನೆಲಕ್ಕೆ ವರ್ಷದಲ್ಲಿ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ದೇವದುರ್ಗದ ಕಡೆಗೆ ಸಾಗಿದಂತೆ ಕಲ್ಲುಗುಡ್ಡಗಳೂ ಅವುಗಳ ಮಗ್ಗುಲಿನ ದೊಡ್ಡಿ, ತಾಂಡಾಗಳೂ ಕಾಣುತ್ತವೆ. ಮನೆ ಏರಿನಲ್ಲಿದ್ದು ನೀರು ತಗ್ಗಿನಲ್ಲಿದ್ದರೆ, ನಡುವಣ ಹಾದಿಯ ಭಾರವೆಲ್ಲ ಹೆಂಗಸರ ತಲೆಯ ಮೇಲೆಯೇ.

ಕೃಷ್ಣಾತೀರದ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲನ್ನು ಉರಿಸಿ ವಿದ್ಯುತ್ತನ್ನು ಉತ್ಪಾದಿಸಲಾಗುತ್ತಿದೆ. ಆದರೆ ತಂತಿಯು ದೂರ ಸಾಗಿದಷ್ಟೂ ಅದರ ತುದಿಯಲ್ಲಿ ಒತ್ತಡ ಕುಗ್ಗುವುದುಂಟು. ಅಂತಹ ಒಂಟಿ ವಸತಿಗಳಿಗೆ ಸೌರಪಂಪು ಹೇಳಿ ಮಾಡಿಸಿದಂತಹುದು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸಿದ್ಧವಾದ ಸಿಲಿಕಾನ್ ಕೋಶದ ಸಂತತಿಯೇ ಇಂದಿನ ಸೌರಫಲಕಗಳು. ಬೆಳಕು ಬಿದ್ದೊಡನೆ ಅವುಗಳಲ್ಲಿ ವಿದ್ಯುತ್ತು ಹರಿಯುತ್ತದೆ. ಕೊಳವೆಬಾವಿಯೊಳಗಿನ ಪಂಪು ತಿರುಗುತ್ತದೆ.

ಲೆಕ್ಕವೂ ಸರಳವಾದುದೇ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಯೋಜನೆಯು ತಲೆಗೆ ದಿನವೊಂದಕ್ಕೆ 55 ಲೀಟರ್ ನೀರೆಂದು ನಿಗದಿಪಡಿಸಿದೆ. 200 ಜನರ ದೊಡ್ಡಿಗೆ 11,000 ಲೀಟರ್ ಬೇಕು. 15 ಲೀಟರಿನ ಕೊಡದಲ್ಲಿ ಹೊತ್ತರೆ ಇದು 730ಕ್ಕೂ ಹೆಚ್ಚು ಕೊಡ! ಬಾವಿಯ ಆಳ, ಗುಡ್ಡದ ಎತ್ತರ ಎರಡೂ ಸೇರಿ 60 ಮೀಟರ್ ಎಂದಿಟ್ಟುಕೊಂಡರೆ, ಅಷ್ಟು ನೀರನ್ನು ಮೇಲೆತ್ತಲು ಶುದ್ಧ ಲೆಕ್ಕದಲ್ಲಿ 2 ಯೂನಿಟ್‌ಗಿಂತ ಕಡಮೆ ವಿದ್ಯುತ್ತು ಸಾಕು. ಯಂತ್ರದಲ್ಲಿ, ಕೊಳವೆಯಲ್ಲಿ ಆಗುವ ನಷ್ಟವನ್ನು ಸೇರಿಸಿದರೂ 4–5 ಯೂನಿಟ್. ಬಿಸಿಲಿರುವ ದಿನ 2 ಕಿಲೋವ್ಯಾಟ್ ಫಲಕಗಳು ಇದನ್ನು ನಿರಾಯಾಸವಾಗಿ ಒದಗಿಸಬಲ್ಲವು.

ರಾತ್ರಿಯ ಗತಿಯೇನು ಎಂದು ವಾಚಕರು ಕೇಳಬಹುದು. ಅದಕ್ಕೆ ದುಬಾರಿಯಾದ ಬ್ಯಾಟರಿ ಬೇಕಾಗಿಲ್ಲ. ಗುಡ್ಡದ ನೆತ್ತಿಯಲ್ಲಿ ಎರಡು ದಿನಗಳಿಗೆ ಸಾಲುವಷ್ಟು ದೊಡ್ಡ ತೊಟ್ಟಿಯಿದ್ದರೆ, ಹಗಲಿನ ಬಿಸಿಲೇ ನೀರಿನ ರೂಪದಲ್ಲಿ ಅಲ್ಲಿ ಶೇಖರವಾಗುತ್ತದೆ. ತನ್ನ ಭಾರದಿಂದಲೇ ಇಳಿದು ಮನೆಮನೆಯ ನಲ್ಲಿಯನ್ನು ಮುಟ್ಟುತ್ತದೆ.

ಆದರೆ ಬಿಸಿಲು ಅಕ್ಷಯವೆಂದ ಮಾತ್ರಕ್ಕೆ ಅಂತರ್ಜಲವೂ ಅಕ್ಷಯವಲ್ಲ. ವಿದ್ಯುತ್ತಿನ ಬಿಲ್ಲಿನ ಭಯವಿಲ್ಲದ ಪಂಪು ಹಗಲೆಲ್ಲ ತಿರುಗುತ್ತಲೇ ಇದ್ದರೆ, ಬಂಡೆಯ ಬಿರುಕುಗಳಲ್ಲಿ ನಿಂತ ನೀರು ಬೇಗನೆ ಬತ್ತೀತು. 2014ರಲ್ಲಿ ಕರ್ನಾಟಕ ಸರ್ಕಾರವು ‘ಸೂರ್ಯ ರೈತ’ ಯೋಜನೆಯನ್ನು ರೂಪಿಸಿ, ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಪ್ರಯೋಗಕ್ಕೆ ತಂದಾಗ, ಉಳಿದ ವಿದ್ಯುತ್ತನ್ನು ರೈತನು ಮಾರಿಕೊಳ್ಳಲು ಅವಕಾಶ ಕಲ್ಪಿಸಿದ್ದು ಈ ದೃಷ್ಟಿಯಿಂದ ವಿಚಾರಯೋಗ್ಯ. ನೀರನ್ನು ಉಳಿಸಿದವನಿಗೂ ಲಾಭವಿರಬೇಕೆಂಬುದು ಅದರ ತಿರುಳು. ಕುಡಿಯುವ ನೀರಿನ ಪಂಪಿಗಾದರೋ, ತೊಟ್ಟಿ ತುಂಬಿದೊಡನೆ ತಾನಾಗಿ ನಿಲ್ಲುವ ಸ್ವಿಚ್ಚೇ ಸಾಕು.

ಇನ್ನೂ ಒಂದು ಎಚ್ಚರಿಕೆ ಅವಶ್ಯ. ರಾಯಚೂರು ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್, ಕೆಲವೆಡೆ ಆರ್ಸೆನಿಕ್ ಕಂಡುಬಂದಿದೆ. ಪಂಪು ನೀರನ್ನು ಎತ್ತುವುದೇ ಹೊರತು ಶುದ್ಧಗೊಳಿಸದು. ಆದುದರಿಂದ ಫಲಕ ನಿಲ್ಲಿಸುವ ಮೊದಲು ನೀರಿನ ಪರೀಕ್ಷೆ ನಡೆಯಬೇಕು. ಬಳಿಕ ಫಲಕದ ಧೂಳನ್ನು ಒರೆಸಲು, ಕೆಟ್ಟ ಪಂಪನ್ನು ದುರಸ್ತಿ ಮಾಡಿಸಲು ಊರಿನಲ್ಲೇ ಒಬ್ಬರು ಹೊಣೆ ಹೊರಬೇಕು. ಅದರ ವೆಚ್ಚಕ್ಕೆ ಪ್ರತಿ ಮನೆಯೂ ತಿಂಗಳಿಗಿಷ್ಟೆಂದು ಕೂಡಿಸಬೇಕು. ಇಷ್ಟು ನಡೆದಲ್ಲಿ, ಕೆರೆಬಾವಿಗಳನ್ನು ಬತ್ತಿಸುವ ಆ ಬಿಸಿಲೇ ಗುಡ್ಡದ ಹೆಣ್ಣುಮಕ್ಕಳ ತಲೆಯಿಂದ ಕೊಡವನ್ನು ಇಳಿಸೀತು.