ಟೂರಿಂಗ್ ಬೈಕು, ಸಿಗ್ನಲ್ ಬದುಕು

ಸೋಮವಾರ ಬೆಳಗ್ಗೆ ಎಂಟೂಕಾಲು. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಿಂದ ಮೇಲೆ ಬರುವ ರ‍್ಯಾಂಪ್‌ನಲ್ಲಿ ಎಡಕ್ಕೊಂದು ತಿರುವಿದೆ. ನಾಲ್ಕು ವರ್ಷದಿಂದ ದಿನಾ ಹತ್ತುವ ತಿರುವು. ಅವತ್ತು ಬೈಕನ್ನು ಸ್ವಲ್ಪ ವಾಲಿಸಿದ್ದೇ ತಡ, ಹಿಂದಿನ ಚಕ್ರ ಪಾಚಿ ಮೇಲೆ ಕಾಲಿಟ್ಟ ಹಾಗೆ ಜಾರಿತು. ಸ್ಪೀಡ್ ಹತ್ತು ಕೂಡ ಇರಲಿಲ್ಲ. 199 ಕೆ.ಜಿ. ತೂಕದ ಹಿಮಾಲಯನ್ ಮಲಗಿತು, ಪಕ್ಕದಲ್ಲಿ ನಾನೂ ಮಲಗಿದೆ. ಕ್ರ್ಯಾಶ್ ಗಾರ್ಡ್ ಇದ್ದದ್ದಕ್ಕೆ ಕಾಲು ಉಳಿಯಿತು.

ಮೇಲೆ ಗೇಟಿನ ಹತ್ತಿರ ಹೆಂಡತಿ ಕಾಯುತ್ತಿದ್ದಳು. ಆಫೀಸಿಗೆ ಹೋಗುವ ದಿನ ಅವಳನ್ನು ಬನಶಂಕರಿ ಮೆಟ್ರೋ ಸ್ಟೇಷನ್‌ಗೆ ಬಿಟ್ಟು, ನಾನು ಬೆಳ್ಳಂದೂರಿನ ಕಡೆ ತಿರುಗಿಕೊಳ್ಳುವುದು ನಮ್ಮ ರೂಢಿ. ಸೆಕ್ಯುರಿಟಿ ಅಣ್ಣ ಕೈ ಹಾಕಿದ್ದಕ್ಕೆ ಬೈಕ್ ಎದ್ದಿತು. ಹಿಂದಿನ ಟೈರ್ ಮೇಲೆ ಬೆರಳು ಸವರಿ ನೋಡಿದೆ. ಜಿಡ್ಡು.

ಹಿಂದಿನ ದಿನ ಸಂಜೆ ನಾನೇ ಚೈನಿಗೆ ಲ್ಯೂಬ್ ಸ್ಪ್ರೇ ಹೊಡೆದಿದ್ದೆ. ಅರ್ಧ ಚೈನಿಗೆ ಹೋಗಿತ್ತು, ಇನ್ನರ್ಧ ಟೈರಿನ ಎಡಮಗ್ಗುಲಿಗೆ. ಕಪ್ಪು ಟೈರು, ಬಣ್ಣವಿಲ್ಲದ ಎಣ್ಣೆ, ಬೇಸ್‌ಮೆಂಟಿನ ಮಂಕು ಟ್ಯೂಬ್‌ಲೈಟು. ಕಾಣಿಸಲೇ ಇಲ್ಲ.

"ಪ್ಯಾಂಟೆಲ್ಲ ಧೂಳು, ಏನಾಯ್ತು?" ಅಂದಳು.

"ರ‍್ಯಾಂಪ್ ಮೇಲೆ ಯಾರೋ ನೀರು ಚೆಲ್ಲಿದ್ರು. ಬ್ರೇಕೂ ಯಾಕೋ ಸರಿ ಇಲ್ಲ, ನೀನು ಆಟೋ ಹಿಡಿ."

ಎರಡೂ ಸುಳ್ಳು. ಒಂದು ನಿಮಿಷ ತಡವಾಗಿ ಜಾರಿದ್ದರೆ ಅವಳು ಹಿಂದಿನ ಸೀಟಿನಲ್ಲಿ ಇರುತ್ತಿದ್ದಳು, ಬೈಕು ಬೇಸ್‌ಮೆಂಟಿನಲ್ಲಲ್ಲ, ಬಸ್ಸು ಲಾರಿಗಳ ನಡುವೆ ಇರುತ್ತಿತ್ತು ಅನ್ನೋದನ್ನು ಬಾಯಿಬಿಟ್ಟು ಹೇಳೋಕೆ ಧೈರ್ಯ ಬರಲಿಲ್ಲ.

ನನ್ನದು 411 ಸಿಸಿ ಹಿಮಾಲಯನ್. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಇದನ್ನು ಮಾರುಕಟ್ಟೆಗೆ ಬಿಟ್ಟಾಗ ನಾನು ಇಂಜಿನಿಯರಿಂಗ್ ಓದುತ್ತಿದ್ದೆ, ಜೇಬಿನಲ್ಲಿ ಬಸ್ ಪಾಸ್ ಮಾತ್ರ ಇತ್ತು. ಕೆಲಸ ಸಿಕ್ಕಿ, ಲೋನ್ ಸಿಕ್ಕಿ, ಬೈಕ್ ಮನೆಗೆ ಬಂದದ್ದು ಲಡಾಖ್ ಹೆಸರಿನಲ್ಲಿ. ಲಡಾಖ್‌ಗೆ ಇನ್ನೂ ಹೋಗಿಲ್ಲ. ಹೋಗೋದು ಸಿಲ್ಕ್ ಬೋರ್ಡ್‌ಗೆ. ವರ್ಷಕ್ಕೆ ಮೂರ್ನಾಲ್ಕು ಸಲ ಚಾರ್ಮಾಡಿ ಇಳಿದು ಬೆಳ್ತಂಗಡಿಯ ಮನೆಗೆ ಹೋಗುತ್ತೇನೆ, ಅದೇ ನನ್ನ ಟೂರಿಂಗ್. ಇದನ್ನು ಓದುತ್ತಿರುವ ನಿಮ್ಮಲ್ಲೂ ಬಹಳಷ್ಟು ಜನರ ಕಥೆ ಇದೇ ಅಂತ ನನ್ನ ಗುಮಾನಿ.

ದಿನನಿತ್ಯಕ್ಕೆ ಇಂಥ ಬೈಕ್ ಆಗುತ್ತಾ ಅಂತ ಆಫೀಸಿನಲ್ಲಿ ಕೇಳ್ತಾರೆ. ಆಗುತ್ತೆ. ಮುಂದೆ 21 ಇಂಚಿನ ಚಕ್ರ, ಮುಂದಿನ ಸಸ್ಪೆನ್ಶನ್ 200 ಮಿ.ಮೀ. ಆಡುತ್ತದೆ. ನಮ್ಮ ಗುಂಡಿಗಳಿಗೆ, ಬಣ್ಣ ಬಳಿಯದ ಹಂಪ್‌ಗಳಿಗೆ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ. ಕಷ್ಟ ಇರೋದು ನಿಧಾನಕ್ಕೆ ತೆವಳುವಾಗ. ತೂಕವೆಲ್ಲ ನಿಮ್ಮ ಎಡಗೈಯ ನಾಲ್ಕು ಬೆರಳಿಗೆ ಬರುತ್ತದೆ. ಸಿಗ್ನಲ್‌ನಲ್ಲಿ ಫಸ್ಟ್ ಗೇರ್ ಹಾಕಿ ಕ್ಲಚ್ ಹಿಡಿದು ನಿಲ್ಲುವ ಚಟ ನನಗೂ ಇತ್ತು. ಬಿಟ್ಟೆ. ನ್ಯೂಟ್ರಲ್‌ಗೆ ತನ್ನಿ, ಮೂವತ್ತು ಸೆಕೆಂಡ್ ಮೇಲಿದ್ದರೆ ಇಂಜಿನ್ ಆಫ್ ಮಾಡಿ. ಈ ಇಂಜಿನ್ನಿಗೆ ರೇಡಿಯೇಟರ್ ಫ್ಯಾನ್ ಇಲ್ಲ. ಗಾಳಿ ಮತ್ತು ಆಯಿಲ್ ಕೂಲರ್ ನಂಬಿಕೊಂಡಿರುವ ಜೀವ. ನಿಂತಲ್ಲಿ ಗಾಳಿ ಎಲ್ಲಿಂದ ಬರಬೇಕು? ಹಾಗೇ ಸೈಡ್ ಬಾಕ್ಸ್‌ಗಳನ್ನು ವಾರದ ದಿನ ಬಿಚ್ಚಿಡಿ. ಹ್ಯಾಂಡಲ್ ದಾಟಿದ ಸಂದಿಯಲ್ಲಿ ಬಾಕ್ಸೂ ದಾಟುತ್ತೆ ಅಂದುಕೊಂಡವರೇ ಕಾರುಗಳಿಗೆ ಗೀರು ಹಾಕೋದು.

ಇಲ್ಲೊಂದು ಲೆಕ್ಕ. ನಮ್ಮ ಕೆಲಸದ ದೋಷ, ಎಲ್ಲಕ್ಕೂ ಲೆಕ್ಕ ಹಾಕಿ ನೋಡೋದು. ನನಗೆ ತಿಂಗಳಿಗೆ 12 ದಿನ ಆಫೀಸು, ದಿನಕ್ಕೆ ಹೋಗಿಬರಲು 30 ಕಿ.ಮೀ. ವರ್ಷಕ್ಕೆ 4,320 ಕಿ.ಮೀ. ಆಯಿತು. ಏನೂ ಅಲ್ಲ ಅನ್ನಿಸುತ್ತದೆ. ಆದರೆ ನನ್ನ ಸರಾಸರಿ ವೇಗ ಗಂಟೆಗೆ 15 ಕಿ.ಮೀ. ಅಂದರೆ ಇಂಜಿನ್ ಓಡಿದ್ದು 288 ಗಂಟೆ. ಅಷ್ಟೇ ಗಂಟೆ ಹಾಸನದ ಹೈವೇಯಲ್ಲಿ 60ರ ವೇಗದಲ್ಲಿ ಓಡಿಸಿದ್ದರೆ ಮೀಟರ್ 17,000 ದಾಟುತ್ತಿತ್ತು. ಎರಡೂ ಕಡೆ ಇಂಜಿನ್ ಮೇಲಿನ ಹೊರೆ ಒಂದೇ ಅಲ್ಲ, ನಿಜ. ಆದರೂ ಆಯಿಲ್ ಹಳತಾಗುವುದನ್ನು ಮೀಟರ್ ಪೂರ್ತಿ ಹೇಳುವುದಿಲ್ಲ ಅನ್ನುವುದಕ್ಕೆ ಇಷ್ಟು ಸಾಕು. ಮ್ಯಾನ್ಯುಯಲ್‌ನಲ್ಲಿ "ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು" ಅಂತ ಬರೆದಿರುತ್ತದಲ್ಲ, ಸಿಟಿಯಲ್ಲಿ ಓಡಿಸುವವರು ಆ ಎರಡನೇ ಭಾಗವನ್ನು ಓದಬೇಕು.

ಇನ್ನೊಂದು ವಿಷಯ ನನಗೆ ಅರ್ಥವಾಗಲು ಬಹಳ ದಿನ ಬೇಕಾಯಿತು. ಸಿಟಿ ಓಡಾಟ ಬೈಕನ್ನು ಸವೆಸುತ್ತದೆ, ಆದರೆ ಸವೆದದ್ದನ್ನು ತೋರಿಸುವುದಿಲ್ಲ. ಇಪ್ಪತ್ತರ ವೇಗದಲ್ಲಿ ಯಾವ ಬ್ರೇಕ್ ಆದರೂ ಹಿಡಿಯುತ್ತದೆ, ಯಾವ ಚೈನ್ ಆದರೂ ಸುಮ್ಮನಿರುತ್ತದೆ. ಗುಟ್ಟು ರಟ್ಟಾಗೋದು ಘಾಟಿಯಲ್ಲಿ. ಹಾಗಾಗಿ ನಡುವೆ ಯಾರಾದರೂ ಕೂತು ನೋಡಲೇಬೇಕು. ಸರ್ವಿಸ್‌ಗೆ ಬಿಡೋದು ವರ್ಷಕ್ಕೆ ಒಂದೋ ಎರಡೋ ಸಲ. ಉಳಿದ ಐವತ್ತು ಭಾನುವಾರ ನೋಡೋಕೆ ನಾವೇ ಇರೋದು.

ಚೈನಿನಿಂದ ಶುರು ಮಾಡೋಣ, ನಾನು ಬಿದ್ದದ್ದೂ ಅಲ್ಲೇ.

411ರಲ್ಲಿ ಸೆಂಟರ್ ಸ್ಟ್ಯಾಂಡ್ ಜೊತೆಗೇ ಬರುತ್ತದೆ. ದೊಡ್ಡ ಪುಣ್ಯ. ತೋಳಿನಲ್ಲಿ ಎತ್ತಬೇಡಿ, ಸ್ಟ್ಯಾಂಡಿನ ಎರಡೂ ಕಾಲು ನೆಲ ಮುಟ್ಟಿದ ಮೇಲೆ ಮೈಭಾರವನ್ನೆಲ್ಲ ಪಾದಕ್ಕೆ ಬಿಟ್ಟರೆ ಬೈಕ್ ತಾನೇ ಏರುತ್ತದೆ. ನ್ಯೂಟ್ರಲ್ ಹಾಕಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಕೀ ವಿಷಯ ಸುಮ್ಮನೆ ಹೇಳುತ್ತಿಲ್ಲ. ಇಂಜಿನ್ ಸ್ಟಾರ್ಟ್ ಮಾಡಿ, ಗೇರ್ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವ ವಿಡಿಯೋಗಳು ಬೇಕಾದಷ್ಟಿವೆ. ನಮ್ಮೂರಿನ ಮೆಕ್ಯಾನಿಕ್ ಒಬ್ಬರಿಗೆ ಬಲಗೈ ತೋರುಬೆರಳಿನ ತುದಿ ಇಲ್ಲ. ಚಿಕ್ಕವನಿದ್ದಾಗ ಕೇಳಿದ್ದೆ. "ಚೈನಿಗೆ ಬಟ್ಟೆ ಯಾವುದು, ಬೆರಳು ಯಾವುದು ಅಂತ ಗೊತ್ತಾಗುದಿಲ್ಲ ಮಾರಾಯ" ಅಂದಿದ್ದರು. ಚಕ್ರವನ್ನು ಕೈಯಲ್ಲೇ, ಹಿಮ್ಮುಖವಾಗಿ ತಿರುಗಿಸಿ. ಅರ್ಜೆಂಟ್ ಏನಿದೆ?

ಚೈನಿನ ಕೊಂಡಿಗಳ ನಡುವೆ ಪುಟ್ಟ ರಬ್ಬರ್ ಉಂಗುರಗಳಿರುತ್ತವೆ, ಒಳಗಿನ ಗ್ರೀಸನ್ನು ಹಿಡಿದಿಡುವುದು ಅವೇ. ಅದಕ್ಕೇ ಪೆಟ್ರೋಲ್ ಬೇಡ, ತಂತಿ ಬ್ರಷ್ಷೂ ಬೇಡ. ಚೈನ್ ಕ್ಲೀನರ್, ಹಳೇ ಟೂತ್‌ಬ್ರಷ್, ಬನಿಯನ್ ಬಟ್ಟೆ ಸಾಕು. ಪೂರ್ತಿ ಒಣಗಿದ ಮೇಲೆ ಲ್ಯೂಬ್. ಕೆಳಗಿನ ಸಾಲಿನ ಒಳಮಗ್ಗುಲಿಗೆ, ಅಂದರೆ ಹಲ್ಲುಚಕ್ರ ಕಚ್ಚುವ ಕಡೆಗೆ, ತೆಳ್ಳಗೆ. ಚೈನಿನ ಹಿಂದೆ ಟೈರಿಗೆ ಅಡ್ಡವಾಗಿ ಒಂದು ರಟ್ಟು ಹಿಡಿಯಿರಿ. ಆನ್‌ಲೈನ್‌ನಲ್ಲಿ ಏನಾದರೂ ತರಿಸಿದ ಡಬ್ಬದ ರಟ್ಟೇ ಆಗುತ್ತೆ. ನನ್ನನ್ನು ಕೆಡವಿದ್ದು ಆ ರಟ್ಟಿನ ತುಂಡು ಇಲ್ಲದ್ದು. ಸ್ವಲ್ಪ ಹೊತ್ತು ಬಿಟ್ಟು, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿ. ಕೊನೆಗೆ ಟೈರಿನ ಮೇಲೆ ಬಿಳೀ ಟಿಶ್ಯೂ ಸವರಿ ನೋಡಿ; ಎಣ್ಣೆ ಇದ್ದರೆ ಕಣ್ಣಿಗೆ ಕಾಣದ್ದು ಟಿಶ್ಯೂಗೆ ಕಾಣುತ್ತದೆ. ಇದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಜ್ಜಿ ತೊಳೆಯಿರಿ. ಅವತ್ತು ರಾತ್ರಿ ನಾನೂ ಕದ್ದು ಅದನ್ನೇ ಮಾಡಿದ್ದು.

500 ಕಿ.ಮೀ.ಗೊಮ್ಮೆ ಮಾಡುತ್ತೇನೆ, ಮಳೆಗಾಲದಲ್ಲಿ ಅದಕ್ಕಿಂತ ಬೇಗ. ಚೈನ್ ಎಷ್ಟು ಸಡಿಲ ಇರಬೇಕು ಅನ್ನೋದನ್ನು ಮ್ಯಾನ್ಯುಯಲ್ ನೋಡಿ, ಸ್ಕೇಲ್ ಹಿಡಿದು ಅಳೆಯಿರಿ. ಚಕ್ರವನ್ನು ಕಾಲುಭಾಗ ತಿರುಗಿಸುತ್ತಾ ನಾಲ್ಕು ಕಡೆ ಅಳೆಯಬೇಕು, ಯಾಕೆಂದರೆ ಚೈನ್ ಎಲ್ಲಾ ಕಡೆ ಸಮನಾಗಿ ಸವೆಯುವುದಿಲ್ಲ. ತುಂಬಾ ಬಿಗಿಯಾದರೆ ಒಳ್ಳೆಯದು ಅಂತ ಬಹಳ ಜನ ನಂಬಿದ್ದಾರೆ. ಉಲ್ಟಾ. ಹಿಂದೆ ಜನ ಕೂತು ಸಸ್ಪೆನ್ಶನ್ ಕುಗ್ಗಿದಾಗ ಚೈನ್ ಇನ್ನಷ್ಟು ಬಿಗಿದು, ಸ್ಪ್ರಾಕೆಟ್ ಮತ್ತು ಬೇರಿಂಗ್ ಎರಡನ್ನೂ ಎಳೆಯುತ್ತದೆ.

ಬ್ರೇಕಿಗೆ ಎರಡು ನಿಮಿಷ. ಫೋನಿನ ಟಾರ್ಚ್ ಹಾಕಿ ಕ್ಯಾಲಿಪರ್ ಒಳಗೆ ಇಣುಕಿದರೆ ಪ್ಯಾಡ್ ಎಷ್ಟು ಉಳಿದಿದೆ ಅಂತ ಕಾಣುತ್ತದೆ. ಹೆಚ್ಚಿನವರು ಮರೆಯುವುದು ಪ್ಯಾಡಲ್ಲ, ಫ್ಲೂಯಿಡ್. ಡಾಟ್ 4 ಬ್ರೇಕ್ ಫ್ಲೂಯಿಡ್‌ಗೆ ಗಾಳಿಯ ತೇವ ಹೀರುವ ಗುಣವಿದೆ. ಹೊಸತರ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು ಅಂತ ನಿಯಮ. ನೀರಿನಂಶ ಸೇರಿದ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಸಿಲ್ಕ್ ಬೋರ್ಡ್‌ನಲ್ಲಿ ಇದು ನಿಮಗೆ ಯಾವತ್ತೂ ಗೊತ್ತಾಗದು. ಇಬ್ಬರು ಕೂತು, ಲಗೇಜ್ ಕಟ್ಟಿ, ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಘಾಟಿ ಇಳಿಯುವಾಗ ಆ ಫ್ಲೂಯಿಡ್ ಕುದಿದು ಗುಳ್ಳೆ ಕಟ್ಟಿದರೆ, ಪೆಡಲ್ ಸ್ಪಂಜಿನ ಹಾಗೆ ಕೆಳಗಿಳಿಯುತ್ತದೆ. ಆಗ ತಿರುವು ಎದುರಿಗಿರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಘಾಟಿಯಲ್ಲಿ ಇಳಿಯುವುದು ಎರಡನೇ, ಮೂರನೇ ಗೇರಿನಲ್ಲಿ; ಇಂಜಿನ್ನೇ ಬೈಕನ್ನು ಹಿಡಿದುಕೊಳ್ಳಲಿ.

ಟೈರ್ ಪ್ರೆಷರ್ ಬಗ್ಗೆ ಒಂದೇ ಮಾತು: ನಿಮ್ಮದೇ ಗೇಜ್ ಇಟ್ಟುಕೊಳ್ಳಿ, ಬೆಳಗ್ಗೆ ಬೈಕ್ ಹೊರಡುವ ಮೊದಲು ನೋಡಿ. ಆದರೆ ಪಂಕ್ಚರ್ ಬಗ್ಗೆ ಒಂದು ಮಾತು ಸಾಲದು. ಈ ಬೈಕಿನದು ಕಡ್ಡಿ ಚಕ್ರ, ಒಳಗೆ ಟ್ಯೂಬ್. ಟ್ಯೂಬ್‌ಲೆಸ್ ಟೈರಿಗೆ ಹೊರಗಿಂದ ತುರುಕುವ ಸ್ಟ್ರಿಪ್ ಇಲ್ಲಿ ಪ್ರಯೋಜನಕ್ಕಿಲ್ಲ. ಚಕ್ರ ಬಿಚ್ಚಬೇಕು, ಟೈರ್ ಎಬ್ಬಿಸಬೇಕು. ಸಣ್ಣ ಊರಿನ ಪಂಕ್ಚರ್ ಅಂಗಡಿಯಲ್ಲಿ 21 ಇಂಚಿನ ಟ್ಯೂಬ್ ಇಟ್ಟಿರುತ್ತಾರೆ ಅಂತ ನಂಬಿ ಕೂರಬೇಡಿ. ಎಸ್.ಪಿ. ರೋಡಿಗೆ ಹೋಗಿ ಎರಡು ಟೈರ್ ಲಿವರ್ ತಂದೆ, ಮುಂದಿನದು ಹಿಂದಿನದು ಎರಡಕ್ಕೂ ಸ್ಪೇರ್ ಟ್ಯೂಬ್ ತೆಗೆದಿಟ್ಟೆ. ಆಮೇಲೆ ಒಂದು ಭಾನುವಾರ, ಪಂಕ್ಚರೇ ಆಗದ ಹಿಂದಿನ ಚಕ್ರವನ್ನು ಬೇಸ್‌ಮೆಂಟಿನಲ್ಲಿ ಬಿಚ್ಚಿ ಅಭ್ಯಾಸಕ್ಕೆ ಕೂತೆ. ಎರಡೂವರೆ ಗಂಟೆ ಹಿಡಿಯಿತು. ಎಲ್ಲಾ ಮುಗಿಸಿ ಗಾಳಿ ಹೊಡೆದರೆ ನಿಲ್ಲುತ್ತಲೇ ಇಲ್ಲ. ಹೊಸ ಟ್ಯೂಬನ್ನು ನಾನೇ ಲಿವರ್‌ನಲ್ಲಿ ಕಚ್ಚಿಸಿ ತೂತು ಮಾಡಿದ್ದೆ! ಟ್ಯೂಬಿಗೆ ಮೊದಲು ಚೂರೇ ಚೂರು ಗಾಳಿ ತುಂಬಿ ಒಳಗೆ ಕೂರಿಸಬೇಕು, ಆಗ ಅದು ಲಿವರಿಗೆ ಸಿಕ್ಕಿಕೊಳ್ಳುವುದಿಲ್ಲ ಅನ್ನೋದನ್ನು ಒಂದು ಟ್ಯೂಬ್ ಖರ್ಚಿನಲ್ಲಿ ಕಲಿತೆ. ಮಳೆಯಲ್ಲಿ, ಮೂಡಿಗೆರೆ ದಾಟಿದ ಮೇಲೆ ಕಲಿಯೋದಕ್ಕಿಂತ ಅಗ್ಗವೇ.

ಚಕ್ರ ಮೇಲೆತ್ತಿದ್ದಾಗ ಪಾನಾದಲ್ಲಿ ಒಂದೊಂದೇ ಕಡ್ಡಿಗೆ ಮೆಲ್ಲಗೆ ತಟ್ಟಿ. ಬಿಗಿ ಇದ್ದದ್ದು ಟಿಣ್ ಅನ್ನುತ್ತದೆ, ಸಡಿಲಾದದ್ದು ಟಪ್ ಅನ್ನುತ್ತದೆ. ಟಪ್ ಅಂದದ್ದನ್ನು ನೀವೇ ತಿರುಗಿಸಲು ಹೋಗಬೇಡಿ, ರಿಮ್ ಸೊಟ್ಟಗಾಗುತ್ತದೆ. ಅದು ಅನುಭವಸ್ಥರ ಕೆಲಸ. ಹಾಗೇ ಕೋನ್‌ಸೆಟ್, ಟ್ಯಾಪೆಟ್ ಕೂಡ ನಾನು ಮುಟ್ಟುವುದಿಲ್ಲ. ಬ್ರೇಕ್ ಫ್ಲೂಯಿಡ್ ಬದಲಾಯಿಸುವುದನ್ನೂ ಮೆಕ್ಯಾನಿಕ್‌ಗೇ ಬಿಟ್ಟಿದ್ದೇನೆ. ಲೈನಿನಲ್ಲಿ ಗಾಳಿ ಉಳಿದರೆ ಬೆಲೆ ಕಟ್ಟುವುದು ನಾನೊಬ್ಬನೇ ಅಲ್ಲವಲ್ಲ.

ತೊಳೆಯೋದು? 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ ಮೇಲೆ ನನ್ನದು ಅರ್ಧ ಬಕೆಟ್ ಮತ್ತು ಎರಡು ಬಟ್ಟೆಗೆ ಇಳಿಯಿತು. ಬೈಕಿಗೇ ಒಳ್ಳೆಯದಾಯಿತು. ಜೋರಾದ ಜೆಟ್ ನೀರು ಕೊಳೆ ತೆಗೆಯುವ ಜೊತೆಗೆ ಚಕ್ರದ ಬೇರಿಂಗಿಗೂ ನುಗ್ಗುತ್ತದೆ. ಅಲ್ಲದೆ ಬಟ್ಟೆಯಲ್ಲಿ ಒರೆಸುವಾಗ ಕೈ ಎಲ್ಲಾ ಕಡೆ ಹೋಗುತ್ತದೆ. ಲಗೇಜ್ ರ‍್ಯಾಕಿನ ಬೋಲ್ಟ್ ಒಂದು ಸಡಿಲಾಗಿ ಅರ್ಧ ಹೊರಬಂದದ್ದು ನನಗೆ ಸಿಕ್ಕಿದ್ದು ಹಾಗೆಯೇ.

ಕಳೆದ ತಿಂಗಳು ಊರಿಗೆ ಹೊರಟೆವು. ಹಿಂದಿನ ಭಾನುವಾರ ಇದೆಲ್ಲವನ್ನೂ ಮಾಡಿ ಮುಗಿಸಿದ್ದೆ. ಕೊಟ್ಟಿಗೆಹಾರದಲ್ಲಿ ಮಂಜು, ಬಿಸಿ ನೀರುದೋಸೆ. ತಿಂದು ಕೈ ತೊಳೆದು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದೆ. ಇಲ್ಲಿಂದ ಮುಂದೆ ಚಾರ್ಮಾಡಿಯ ಇಳಿಜಾರು. ಹೆಂಡತಿ ಹತ್ತಲಿಲ್ಲ. ಬ್ಯಾಗಿನಿಂದ ಒಂದು ಟಿಶ್ಯೂ ತೆಗೆದು, ಬಗ್ಗಿ, ಹಿಂದಿನ ಟೈರಿನ ಎಡಗಡೆ ಸವರಿ ನೋಡಿದಳು.

"ಇವತ್ತು ನೀರು ಚೆಲ್ಲಿಲ್ಲ" ಅಂದಳು.

ನಾನು ಸುಮ್ಮನೆ ನೋಡಿದೆ.

"ಅವತ್ತು ರಾತ್ರಿ ಪಾತ್ರೆ ತೊಳೆಯೋ ಲಿಕ್ವಿಡ್ ಬೇಸ್‌ಮೆಂಟಿಗೆ ಹೋಗಿ ಬಂದದ್ದು ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಬಾಟ್ಲಿಗೆಲ್ಲ ಕರೀ ಕೈ ಅಂಟಿತ್ತು" ಅಂತ ಹೇಳಿ, ನನ್ನ ಹೆಗಲು ಹಿಡಿದು ಹತ್ತಿ ಕೂತಳು. ಎರಡನೇ ಗೇರ್ ಹಾಕಿಕೊಂಡು ನಿಧಾನಕ್ಕೆ ಇಳಿದೆ.